ಒಳಗಿನ ಗೆರೆ

ಮೂರು ವರ್ಷದಿಂದ ಸ್ನಾನ ಮಾಡುವಾಗಲೆಲ್ಲ ನನ್ನ ಕೈ ಒಂದು ಗೆರೆಯ ಮೇಲೆ ಹಾದು ಹೋಗುತ್ತದೆ. ಕಿಬ್ಬೊಟ್ಟೆಯಲ್ಲಿ, ಅರ್ಧ ಗೇಣಿಗಿಂತ ಸ್ವಲ್ಪ ಜಾಸ್ತಿ ಉದ್ದ. ಎಡತುದಿ ನಯವಾಗಿದೆ. ಬಲತುದಿಯಲ್ಲಿ ಅಂಗಿ ಗುಂಡಿಯಷ್ಟು ಒಂದು ಗಂಟು. ಗೆರೆಯ ಮೇಲ್ಗಡೆ ಎರಡು ಬೆರಳಗಲ ಜಾಗ ಈಗಲೂ ಮಂಕು. ಅಲ್ಲಿ ಮುಟ್ಟಿದರೆ ದಪ್ಪ ಬಟ್ಟೆಯ ಮೇಲಿಂದ ಮುಟ್ಟಿದ ಹಾಗಿರುತ್ತದೆ. ಮೊದಲ ಹೆರಿಗೆ ನೆನಪಾದಾಗಲೆಲ್ಲ ನಾನು ಜಗಳ ಆಡುತ್ತಿದ್ದದ್ದು ಈ ಗೆರೆಯ ಜೊತೆ. ಎರಡನೇ ಸಲ ಬಸುರಿಯಾದ ಮೇಲೆ ಗೊತ್ತಾಯಿತು, ಇಷ್ಟು ದಿನ ತಪ್ಪು ಗೆರೆಯ ಜೊತೆ ಜಗಳ ಆಡಿದ್ದೇನೆ ಅಂತ. ಲೆಕ್ಕಕ್ಕೆ ಬರುವ ಗೆರೆ ಒಳಗಿದೆ. ಅದನ್ನು ನಾನು ಯಾವತ್ತೂ ನೋಡಿಲ್ಲ.

ಈಗ ನನಗೆ 36 ವಾರ. ಎದುರಿಗೆ ಎರಡು ದಾರಿ. ದಿನ ಗೊತ್ತು ಮಾಡಿಕೊಂಡು ಹೋಗಿ ಇನ್ನೊಂದು ಸಿಸೇರಿಯನ್ ಮಾಡಿಸಿಕೊಳ್ಳುವುದು. ಇಲ್ಲವೇ ನೋವು ತಾನಾಗೇ ಬರುವ ತನಕ ಕಾದು ನಾರ್ಮಲ್ ಹೆರಿಗೆಗೆ ಪ್ರಯತ್ನಿಸುವುದು. ಸಿಸೇರಿಯನ್ ಆದ ಮೇಲೆ ಹೀಗೆ ನಾರ್ಮಲ್ ಆದರೆ ಅದಕ್ಕೆ ವಿಬ್ಯಾಕ್ ಅನ್ನುತ್ತಾರೆ. ಪ್ರಯತ್ನಕ್ಕೆ ಮಾತ್ರ ಬೇರೆ ಹೆಸರು, ಟ್ರಯಲ್. ಈ ಪದ ಮೊದಲಿಂದಲೂ ನನಗೆ ಹಿಡಿಸಲಿಲ್ಲ. ಬಟ್ಟೆ ಹಾಕಿ ನೋಡಿ, ಸರಿಹೋಗದಿದ್ದರೆ ವಾಪಸ್ ಕೊಡುವ ಕೆಲಸವಾ ಇದು? ಆದರೂ ಆ ಪದದಲ್ಲಿ ಸುಳ್ಳಿಲ್ಲ. ಆಗಬಹುದು, ಆಗದೆಯೂ ಇರಬಹುದು ಅಂತ ಮೊದಲೇ ಹೇಳಿಬಿಡುತ್ತದೆ.

ಮೊದಲನೆಯದರ ಕಥೆ ಚಿಕ್ಕದು. 41 ವಾರ ಆದರೂ ನೋವು ಬರಲಿಲ್ಲ. ಅಡ್ಮಿಟ್ ಮಾಡಿಕೊಂಡು ನೋವು ಬರಿಸಲು ಜೆಲ್ ಇಟ್ಟರು. ಮರುದಿನ ಡ್ರಿಪ್ ಹಾಕಿದರು. ಮಧ್ಯಾಹ್ನದಿಂದ ರಾತ್ರಿ ತನಕ ನೋವು ತಿಂದೆ. ಗರ್ಭಕೋಶದ ಬಾಯಿ ತೆರೆಯುವುದು ಏಳು ಸೆಂಟಿಮೀಟರಿಗೆ ಬಂದು ನಿಂತಿತು. ಎರಡು ಗಂಟೆ ಬಿಟ್ಟು ನೋಡಿದರು, ಏಳು. ಮತ್ತೆರಡು ಗಂಟೆ ಬಿಟ್ಟು ನೋಡಿದರು, ಏಳೇ. ಮಗುವಿನ ಮುಖ ಮೇಲಕ್ಕಿದೆ, ತಲೆ ತಿರುಗುತ್ತಿಲ್ಲ ಅಂತ ಯಾರೋ ಇನ್ಯಾರಿಗೋ ಹೇಳಿದ್ದು ಕೇಳಿಸಿತು. ನನಗೆ ಹೇಳಲಿಲ್ಲ. ಒಂದು ಕಾಗದ ಬಂತು, ಸಹಿ ಹಾಕಿದೆ. ಆಮೇಲೆ ಎದೆಯ ಹತ್ತಿರ ಒಂದು ಪರದೆ. ಅದರಾಚೆ ನನ್ನದೇ ಮೈ, ಆದರೆ ನನ್ನದಲ್ಲ. ನೋವಿಲ್ಲ, ಎಳೆದಾಟ ಮಾತ್ರ ಗೊತ್ತಾಗುತ್ತಿತ್ತು. ತುಂಬಿದ ಬೀರುವಿನ ತಳದಿಂದ ಯಾರೋ ಏನನ್ನೋ ಹುಡುಕಿ ತೆಗೆಯುತ್ತಿರುವ ಹಾಗೆ. ಆಮೇಲೆ ಅಳು ಕೇಳಿಸಿತು. ಮಗ ಹುಟ್ಟಿದ್ದ.

ಮಗ ಚೆನ್ನಾಗಿದ್ದ, ನಾನೂ ಚೆನ್ನಾಗಿದ್ದೆ. ಹಾಗಾಗಿಯೇ ಇದರ ಬಗ್ಗೆ ಮಾತಾಡುವುದು ಕಷ್ಟ. ‘ಇಬ್ಬರೂ ಚೆನ್ನಾಗಿದ್ದೀರಲ್ಲ, ಇನ್ನೇನು ಬೇಕು?’ ಅನ್ನುತ್ತಾರೆ. ಸರಿಯಾದ ಮಾತೇ. ಆ ಸಿಸೇರಿಯನ್ ಬೇಡವಾಗಿತ್ತು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಬೇಕಾಗಿದ್ದಿರಬಹುದು. ಬೇಸರ ಇರುವುದು ಅಷ್ಟು ಹೊತ್ತಿನಲ್ಲಿ ಒಬ್ಬರೂ ನನ್ನ ಮುಖ ನೋಡಿ ಎರಡು ಮಾತು ಹೇಳಲಿಲ್ಲ ಅನ್ನುವುದಕ್ಕೆ.

ಆಮೇಲಿನ ಎರಡು ವಾರ ನೆನಪಿರುವುದು ಒಂದು ದಿಂಬಿನಿಂದ. ನರ್ಸ್ ಒಬ್ಬರು ಹೇಳಿಕೊಟ್ಟಿದ್ದರು, ಕೆಮ್ಮು ಬಂದರೆ, ಸೀನು ಬಂದರೆ, ನಗು ಬಂದರೂ ಮೊದಲು ದಿಂಬನ್ನು ಹೊಟ್ಟೆಗೆ ಗಟ್ಟಿಯಾಗಿ ಒತ್ತಿಕೋ ಅಂತ. ಚಿಕ್ಕದೊಂದು ದಿಂಬು ಸದಾ ಕೈಗೆಟುಕುವ ಹಾಗೆ ಇಟ್ಟುಕೊಂಡಿದ್ದೆ. ಹಾಸಿಗೆಯಿಂದ ಏಳುವುದಕ್ಕೆ ಮೊದಲು ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಕಾಲು ಕೆಳಗೆ ಬಿಟ್ಟು, ಆಮೇಲೆ ಏಳಬೇಕು. ಮಗು ಅಳುತ್ತಿದ್ದರೂ ಇಷ್ಟನ್ನೂ ಸಾವಕಾಶವಾಗಿಯೇ ಮಾಡಬೇಕು. ಈಗ ಮನೆಯಲ್ಲಿ ಮೂರು ವರ್ಷದವನಿದ್ದಾನೆ. ‘ಅಮ್ಮ ಎತ್ಕೋ’ ಅಂದರೆ ‘ಹೊಲಿಗೆ ಮಾಗಲಿ ಕಂದ’ ಅನ್ನುವುದು ಅವನಿಗೆ ಅರ್ಥವಾಗುವ ಉತ್ತರ ಅಲ್ಲ.

ಹಾಗಾದರೆ ನಾರ್ಮಲ್ ಯಾಕೆ ಬೇಕು ಅಂದರೆ ಬೇಗ ಎದ್ದು ಓಡಾಡುವುದಕ್ಕಾ? ಅದೂ ಹೌದು. ಇನ್ನೊಂದು ಕಾರಣವಿದೆ, ಹೇಳಿಕೊಳ್ಳಲು ಸ್ವಲ್ಪ ಮುಜುಗರ. ಏಳು ಸೆಂಟಿಮೀಟರ್ ಆದ ಮೇಲೆ ಏನಾಗುತ್ತದೆ ಅಂತ ನನಗೆ ನೋಡಬೇಕು. ಅರ್ಧಕ್ಕೆ ಬಿಟ್ಟು ಎದ್ದುಬಂದ ಹಾಗಿದೆ. ಇಂಥ ಆಸೆಗೆ ಒಂದು ಮಗುವಿನ ಜೀವವನ್ನು ಎಷ್ಟರ ಮಟ್ಟಿಗೆ ಒಡ್ಡಬಹುದು ಅನ್ನುವುದೇ ನನ್ನ ಪ್ರಶ್ನೆಯಾಗಿತ್ತು. ಆ ‘ಎಷ್ಟು’ ಅನ್ನುವುದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಸಲಹೆ ಮಾತ್ರ ಬೇಕಾದಷ್ಟು ಇತ್ತು.

ಸಲಹೆ ಕೊಡುವವರಲ್ಲಿ ಎರಡು ಬಣ. ಒಂದು ಬಣದ ಪ್ರಕಾರ ಹೆಣ್ಣಿನ ದೇಹಕ್ಕೆ ಎಲ್ಲ ಗೊತ್ತು, ಧೈರ್ಯ ಒಂದಿದ್ದರೆ ಸಾಕು. ಆಪರೇಷನ್ ಅಂದರೆ ಸೋತ ಹಾಗೆ. ಇನ್ನೊಂದು ಬಣ ‘ಹಳೇ ಹೊಲಿಗೆ ಬಿಚ್ಚಿಕೊಂಡರೆ?’ ಅಂತ ಕೇಳಿ ಮಾತು ಮುಗಿಸಿಬಿಡುತ್ತದೆ. ಧೈರ್ಯದ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಮಗುವಿನ ತಲೆ ತಿರುಗದಿದ್ದದ್ದು ನನ್ನ ಧೈರ್ಯ ಕಮ್ಮಿಯಾಗಿ ಅಲ್ಲವಲ್ಲ? ‘ನಾರ್ಮಲ್’ ಅನ್ನುವ ಪದವೇ ಒಂದು ಥರ ಮೋಸ. ಅದನ್ನು ಬಳಸಿದ ಕೂಡಲೇ ಉಳಿದದ್ದೆಲ್ಲ ಅಬ್‌ನಾರ್ಮಲ್ ಆಗುತ್ತದೆ. ಬಳಸದೆ ಇರೋಣ ಅಂದರೆ ಬಾಯಿಗೆ ಬೇರೆ ಪದ ಬರುವುದಿಲ್ಲ. ನೋಡಿ, ನಾನೂ ಅದನ್ನೇ ಬರೆಯುತ್ತಿದ್ದೇನೆ.

ಹೊಲಿಗೆ ಬಿಚ್ಚುವ ಮಾತನ್ನು ಮಾತ್ರ ತಳ್ಳಿಹಾಕಲು ಆಗಲಿಲ್ಲ. ನಿದ್ದೆ ಕೆಡಿಸಿದ್ದು ಅದೇ. ನಾನು ಕಲ್ಪಿಸಿಕೊಂಡಿದ್ದು ಅಕ್ಷರಶಃ ಹೊಲಿಗೆಯನ್ನೇ. ದಾರ ಟಪ್ ಟಪ್ ಅಂತ ಒಂದೊಂದಾಗಿ ಕಿತ್ತುಬರುವುದು. ಮೊದಲ ಭೇಟಿಯಲ್ಲಿ ಡಾಕ್ಟರ್ ಹತ್ತಿರ ಹಾಗೇ ಕೇಳಿದೆ.

“ದಾರ ಎಲ್ಲಿದೆ ಈಗ? ಅದು ಕರಗಿ ಹೋಗಿ ಎಷ್ಟೋ ಕಾಲ ಆಯ್ತಲ್ಲಮ್ಮ” ಅಂದರು. “ಈಗಿರೋದು ಗಾಯ ಮಾಗಿದ ಜಾಗ. ಅದು ಎಲ್ಲಿದೆ, ಹೇಗಿದೆ ಅನ್ನೋದು ಮುಖ್ಯ. ಹಳೇ ಪೇಪರ್ಸ್ ತಂದಿದ್ದೀರಾ?”

ತಂದಿರಲಿಲ್ಲ. ಹೊಟ್ಟೆಯ ಮೇಲಿನ ಗೆರೆಯನ್ನು ತೋರಿಸಿದರೆ ಸಾಕು ಅಂದುಕೊಂಡಿದ್ದೆ. ಡಾಕ್ಟರ್ ತಲೆ ಅಲ್ಲಾಡಿಸಿದರು. “ಅದು ಚರ್ಮದ ಗೆರೆ. ಚರ್ಮವನ್ನ ಅಡ್ಡಕ್ಕೆ ಕತ್ತರಿಸಿ, ಒಳಗೆ ಗರ್ಭಕೋಶವನ್ನ ಉದ್ದಕ್ಕೆ ಕತ್ತರಿಸಿರಬಹುದು. ಹೊರಗಿಂದ ನೋಡಿದರೆ ನನಗೆ ಏನೂ ಗೊತ್ತಾಗಲ್ಲ.”

ಚೀಟಿಯ ಹಿಂಬದಿಯಲ್ಲಿ ಪೆನ್ನಿನಿಂದ ಒಂದು ಚಿತ್ರ ಬರೆದು ತೋರಿಸಿದರು. ತಲೆಕೆಳಗೆ ಹಿಡಿದ ಹೂಜಿಯ ಹಾಗೆ. ಮೇಲಿನ ಹೊಟ್ಟೆಭಾಗ ದಪ್ಪ ಸ್ನಾಯು. ನೋವು ಬಂದಾಗ ಬಿಗಿಯುವುದು, ಮಗುವನ್ನು ಕೆಳಗೆ ತಳ್ಳುವುದು ಅದೇ. ಕೆಳಗೆ ಕತ್ತಿನ ಹತ್ತಿರದ ಭಾಗ ತೆಳು. ಅದು ತಳ್ಳುವುದಕ್ಕಿಂತ ಹಿಗ್ಗಿ ಜಾಗ ಬಿಟ್ಟುಕೊಡುವ ಕೆಲಸ ಮಾಡುತ್ತದೆ. ಆ ತೆಳು ಭಾಗದಲ್ಲಿ ಅಡ್ಡಕ್ಕೊಂದು ಚಿಕ್ಕ ಗೆರೆ ಎಳೆದರು. “ಇಲ್ಲಿ ಕೊಯ್ದಿದ್ದರೆ ನಾವು ಮಾತಾಡಬಹುದು.” ಆಮೇಲೆ ಮೇಲಿನ ದಪ್ಪ ಭಾಗದಲ್ಲಿ ಉದ್ದಕ್ಕೊಂದು ಗೆರೆ. “ಇಲ್ಲಿ ಕೊಯ್ದಿದ್ದರೆ ಮಾತಿಲ್ಲ, ನೋವು ಬರೋದಕ್ಕೆ ಮುಂಚೆನೇ ಸಿಸೇರಿಯನ್.” ಮೇಲಿನ ಉದ್ದ ಗಾಯವಾದರೆ ಸೀಳುವ ಸಾಧ್ಯತೆ 100ಕ್ಕೆ 4ರಿಂದ 9ರಷ್ಟು. ಕೆಳಗಿನ ಅಡ್ಡ ಗಾಯವಾದರೆ ಸುಮಾರು 200ಕ್ಕೆ 1.

ಮನೆಗೆ ಬಂದು ಹುಡುಕಾಟ ಶುರುವಾಯಿತು. ಮಗನ ಲಸಿಕೆ ಕಾರ್ಡ್ ಇತ್ತು. ಅವನ ಕಾಲಿಗೆ ಕಟ್ಟಿದ್ದ ಪ್ಲಾಸ್ಟಿಕ್ ಪಟ್ಟಿಯನ್ನೂ ಜೋಪಾನ ಮಾಡಿದ್ದೆ. ನನ್ನ ಡಿಸ್ಚಾರ್ಜ್ ಸಮ್ಮರಿ ಮಾತ್ರ ಎಲ್ಲೂ ಇಲ್ಲ. ಮಗುವಿನದೆಲ್ಲ ಎತ್ತಿಟ್ಟು ನನ್ನದನ್ನು ಎಲ್ಲೋ ಹಾಕಿದ್ದೆ. ಇದು ನನ್ನೊಬ್ಬಳ ಕಥೆ ಅಲ್ಲ ಅನ್ನಿಸುತ್ತದೆ. ಕೊನೆಗೆ ಇವರು ಹಳೆಯ ಬಿಲ್ಲುಗಳ ಕಂತೆಯ ನಡುವೆ ಅದನ್ನು ಕಂಡುಹಿಡಿದರು. ಒಂದೂವರೆ ಪುಟ. ಎರಡನೇ ಸಾಲಿನಲ್ಲೇ ಇತ್ತು, ಎಲ್‌ಎಸ್‌ಸಿಎಸ್. ಕೆಳಭಾಗದ ಸಿಸೇರಿಯನ್ ಅಂತ ಅರ್ಥ. ಅಷ್ಟು ದಿನ ಅದು ಸಿಸೇರಿಯನ್ ಅನ್ನುವುದಕ್ಕೆ ಡಾಕ್ಟರುಗಳ ಗಿಡ್ಡ ಹೆಸರು ಅಂದುಕೊಂಡಿದ್ದೆ. ಮೊದಲೆರಡು ಅಕ್ಷರದಲ್ಲಿ ಇಷ್ಟೆಲ್ಲ ಇದೆ ಅಂತ ಯಾರಿಗೆ ಗೊತ್ತು.

ಕಾರಣದ ಜಾಗದಲ್ಲಿ ‘ನಾನ್ ಪ್ರೋಗ್ರೆಸ್ ಆಫ್ ಲೇಬರ್’ ಅಂತ ಬರೆದಿತ್ತು. ಪ್ರಗತಿ ಇಲ್ಲ. ಶಾಲೆಯ ಮಾರ್ಕ್ಸ್ ಕಾರ್ಡಿನ ಕೆಳಗೆ ಟೀಚರ್ ಬರೆದ ಷರಾ ಹಾಗೆ. ಸುಮ್ನೆ ನಕ್ಕೆ, ಆದರೆ ಚುಚ್ಚಿತು. ಈ ಕಾರಣ ಮುಂದಿನ ಲೆಕ್ಕದಲ್ಲೂ ಬರುತ್ತದೆ. ಮೊದಲ ಸಲ ಮಗು ಕಾಲು ಕೆಳಗಾಗಿತ್ತು ಅಂತ ಸಿಸೇರಿಯನ್ ಆದವರಿಗೆ ಎರಡನೇ ಸಲ ನಾರ್ಮಲ್ ಆಗುವ ಸಾಧ್ಯತೆ ಜಾಸ್ತಿ. ನನ್ನ ಹಾಗೆ ಮಧ್ಯದಲ್ಲಿ ನಿಂತುಹೋದವರಿಗೆ ಕಮ್ಮಿ. ಹಿಂದೆ ಒಂದಾದರೂ ನಾರ್ಮಲ್ ಹೆರಿಗೆ ಆಗಿದ್ದರೆ ಎಲ್ಲಕ್ಕಿಂತ ಒಳ್ಳೆಯದು, 100ರಲ್ಲಿ 85ರಿಂದ 90 ಮಂದಿಗೆ ಆಗುತ್ತದೆ. ಒಟ್ಟಾರೆ ನೋಡಿದರೆ ಪ್ರಯತ್ನಿಸಿದ 100ರಲ್ಲಿ ಸುಮಾರು 72ರಿಂದ 75 ಮಂದಿಗೆ ಅಂತ ಬ್ರಿಟನ್ನಿನ ಪ್ರಸೂತಿ ತಜ್ಞರ ಸಂಸ್ಥೆ ಆರ್‌ಸಿಒಜಿ ಹೇಳುತ್ತದೆ.

ಹೀಗೆ ಓದುತ್ತಾ ಹೋದಾಗ ಇನ್ನೊಂದು ಸಂಗತಿ ಸಿಕ್ಕಿತು. ‘ಒಮ್ಮೆ ಸಿಸೇರಿಯನ್ ಆದರೆ ಯಾವಾಗಲೂ ಸಿಸೇರಿಯನ್ನೇ’ ಅನ್ನುವ ಮಾತಿದೆಯಲ್ಲ, ಗಾದೆಯ ಹಾಗೆ ಎಲ್ಲರ ಬಾಯಲ್ಲೂ ಬರುವಂಥದ್ದು. ಅದನ್ನು ಬರೆದದ್ದು ನ್ಯೂಯಾರ್ಕಿನ ಡಾಕ್ಟರ್ ಎಡ್ವಿನ್ ಕ್ರೇಗಿನ್, 1916ರಲ್ಲಿ. ಆಗ ಕೊಯ್ಯುತ್ತಿದ್ದದ್ದು ಮೇಲಿನ ದಪ್ಪ ಭಾಗವನ್ನು, ಉದ್ದಕ್ಕೆ. ಕೆಳಭಾಗವನ್ನು ಅಡ್ಡಕ್ಕೆ ಕೊಯ್ಯುವ ಪದ್ಧತಿಯನ್ನು ಗ್ಲಾಸ್ಗೋದ ಮನ್ರೋ ಕೆರ್ ಹಟ ಹಿಡಿದು ಹೇಳಿದ್ದು ಆಮೇಲೆ, 1920ರ ದಶಕದಲ್ಲಿ. ಅಂದರೆ ಕ್ರೇಗಿನ್ ಮಾತಾಡಿದ್ದು ನನ್ನ ಗೆರೆಯ ಬಗ್ಗೆ ಅಲ್ಲವೇ ಅಲ್ಲ. ಅವನ ಉದ್ದೇಶವೂ ಬೇರೆ ಇತ್ತು. ಮೊದಲ ಸಿಸೇರಿಯನ್ ಮಾಡುವ ಮುಂಚೆ ಸಾವಿರ ಸಲ ಯೋಚಿಸಿ, ಅದು ಮುಂದಿನ ಹೆರಿಗೆಗಳಿಗೂ ಅಂಟಿಕೊಳ್ಳುತ್ತದೆ ಅಂತ ತನ್ನ ಜೊತೆಯ ಡಾಕ್ಟರುಗಳಿಗೆ ಹೇಳಿದ ಎಚ್ಚರಿಕೆ ಅದು. ಇದಕ್ಕೆ ಹೊರತಾದವರೂ ಇದ್ದಾರೆ ಅಂತ ಅವನೇ ಬರೆದಿದ್ದ. ಎಚ್ಚರಿಕೆಯ ಅರ್ಧ ಎಲ್ಲೋ ಉದುರಿಹೋಗಿ, ಉಳಿದರ್ಧ ಹೆಂಗಸರ ಮೇಲಿನ ಕಟ್ಟಳೆಯಾಯಿತು.

ಆಮೇಲಿನ ಏರಿಳಿತ ನೋಡಿದರೆ ತಲೆ ತಿರುಗುತ್ತದೆ. ಅಮೆರಿಕದಲ್ಲಿ 1980ರಲ್ಲಿ ಸರ್ಕಾರದ ಆರೋಗ್ಯ ಸಂಸ್ಥೆಯೇ ತಜ್ಞರನ್ನು ಸೇರಿಸಿ, ಕೆಳಗಿನ ಅಡ್ಡ ಗಾಯ ಇದ್ದವರು ಪ್ರಯತ್ನಿಸಬಹುದು ಅಂದಿತು. 1996ರ ಹೊತ್ತಿಗೆ ಅಲ್ಲಿ ಹಿಂದೆ ಸಿಸೇರಿಯನ್ ಆದ 100ರಲ್ಲಿ 28 ಮಂದಿ ನಾರ್ಮಲ್ ಆಗಿ ಹೆರುತ್ತಿದ್ದರು. ಜಾಸ್ತಿ ಆದ ಹಾಗೆ ಸೀಳಿದ ಪ್ರಕರಣಗಳೂ ಬಂದವು, ಕೋರ್ಟು ಕೇಸುಗಳೂ ಬಂದವು. 1999ರಲ್ಲಿ ಅಲ್ಲಿನ ಪ್ರಸೂತಿ ತಜ್ಞರ ಸಂಸ್ಥೆ, ತುರ್ತು ಸಿಸೇರಿಯನ್ ಮಾಡುವ ಡಾಕ್ಟರ್ ‘ತಕ್ಷಣಕ್ಕೆ’ ಸಿಗುವ ಹಾಗಿರಬೇಕು ಅಂದಿತು. ಆ ಒಂದು ಪದಕ್ಕೆ ಎಷ್ಟೋ ಆಸ್ಪತ್ರೆಗಳು ಬಾಗಿಲು ಹಾಕಿಕೊಂಡವು. 2006ಕ್ಕೆ 28 ಇದ್ದದ್ದು 9ಕ್ಕೂ ಕೆಳಗೆ ಇಳಿಯಿತು. 2010ರಲ್ಲಿ ಮತ್ತೆ ತಜ್ಞರು ಸೇರಿ, ತುಂಬಾ ಜನರಿಗೆ ಇದು ಒಪ್ಪುವಂಥ ದಾರಿಯೇ ಅಂತ ಹೇಳಬೇಕಾಯಿತು. ಹತ್ತು ವರ್ಷದಲ್ಲಿ ಹೆಂಗಸರ ಗರ್ಭಕೋಶವೇನೂ ಬದಲಾಗಿರಲಿಲ್ಲ ಅಲ್ವಾ?

ಇದನ್ನು ಓದಿ ನನಗೆ ಮೊದಲು ಸಿಟ್ಟು ಬಂತು, ಡಾಕ್ಟರುಗಳು ತಮ್ಮನ್ನು ಕಾಪಾಡಿಕೊಳ್ಳುವುದಕ್ಕೆ ಹೀಗೆ ಮಾಡುತ್ತಾರೆ ಅಂತ. ಆಮೇಲೆ 200ಕ್ಕೆ 1 ಅನ್ನುವುದನ್ನು ಮತ್ತೆ ಯೋಚಿಸಿದೆ. ವರ್ಷಕ್ಕೆ ಇಂಥ 200 ಹೆರಿಗೆ ನೋಡುವ ಡಾಕ್ಟರಿಗೆ ಆ ಒಬ್ಬಳು ಅಂಕಿ ಅಲ್ಲ. ಅವಳ ಮುಖ ಗೊತ್ತು. ನನಗೆ ಅದು ಅಂಕಿ ಮಾತ್ರ, ನಾನೇ ಆ ಒಬ್ಬಳಾಗುವ ತನಕ.

ಆ ಒಬ್ಬಳಿಗೆ ಏನಾಗುತ್ತದೆ ಅಂತಲೂ ಕೇಳಿದೆ. ಇದನ್ನು ಕೇಳದೆ ನಿರ್ಧಾರ ಮಾಡಬಾರದು ಅಂತ ನನ್ನ ಅಭಿಪ್ರಾಯ. ಕೆಲವರಲ್ಲಿ ಗಾಯದ ಜಾಗ ತೆಳುವಾಗಿ ಸ್ವಲ್ಪ ಬಿಟ್ಟುಕೊಂಡಿರುತ್ತದೆ ಅಷ್ಟೇ. ಹೊರಗಿನ ಪದರ ಹಾಗೇ ಇರುತ್ತದೆ, ಮಗುವಿಗೆ ಏನೂ ಆಗುವುದಿಲ್ಲ. ಸಿಸೇರಿಯನ್ ಮಾಡುವಾಗಷ್ಟೇ ಅದು ಕಣ್ಣಿಗೆ ಬೀಳುತ್ತದೆ. ಭಯಪಡಬೇಕಾದದ್ದು ಪೂರ್ತಿ ಸೀಳಿದರೆ. ಆಗ ರಕ್ತಸ್ರಾವ, ಮಗುವಿಗೆ ಆಮ್ಲಜನಕದ ಕೊರತೆ, ನಿಮಿಷಗಳ ಲೆಕ್ಕ. ಕೆಲವೊಮ್ಮೆ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ಇಂಥ ಪ್ರಯತ್ನದಲ್ಲಿ ಹೆರಿಗೆಗೆ ಸಂಬಂಧಿಸಿ ಮಗು ತೀರಿಕೊಳ್ಳುವುದು 10,000ಕ್ಕೆ ಸುಮಾರು 4. ಮೊದಲ ಸಲ ಹೆರುವ ಯಾರಿಗೇ ಆದರೂ ಇರುವ ಅಪಾಯ ಹೆಚ್ಚುಕಮ್ಮಿ ಇಷ್ಟೇ. ದಿನ ಗೊತ್ತು ಮಾಡಿದ ಸಿಸೇರಿಯನ್ನಿನಲ್ಲಿ ಅದು 10,000ಕ್ಕೆ 1ಕ್ಕಿಂತ ಜಾಸ್ತಿ ಇಲ್ಲ. ಎರಡೂ ಚಿಕ್ಕ ಅಂಕಿಗಳೇ, ಆದರೆ ಸಮ ಅಲ್ಲ. ಮಗುವೊಂದನ್ನೇ ನೋಡಿದರೆ ಸಿಸೇರಿಯನ್ ಕಡೆಗೆ ತಕ್ಕಡಿ ಸ್ವಲ್ಪ ವಾಲುತ್ತದೆ. ನಾರ್ಮಲ್ ಪರ ಮಾತಾಡುವವರು ಈ ಒಂದು ಸಾಲನ್ನು ನುಂಗಿಬಿಡುತ್ತಾರೆ. ನಾನೂ ಕೆಲವು ದಿನ ನುಂಗಿಕೊಂಡು ಓಡಾಡಿದೆ.

ಜೆಲ್, ಮಾತ್ರೆಗಳ ವಿಷಯ ನನಗೆ ಹೆಚ್ಚು ಹತ್ತಿರದ್ದು, ಮೊದಲ ಸಲ ನೋವು ಬರಿಸಿಯೇ ಶುರುವಾಗಿದ್ದು ತಾನೆ. 2001ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ 20,000ಕ್ಕೂ ಹೆಚ್ಚು ಹೆಂಗಸರ ಲೆಕ್ಕ ಪ್ರಕಟವಾಯಿತು. ಎಲ್ಲರಿಗೂ ಮೊದಲನೆಯದು ಸಿಸೇರಿಯನ್, ಇದು ಎರಡನೆಯದು, ಥೇಟ್ ನನ್ನ ಹಾಗೆ. ನೋವು ತಾನಾಗೇ ಬಂದವರಲ್ಲಿ 1000ಕ್ಕೆ 5.2 ಮಂದಿಗೆ ಗರ್ಭಕೋಶ ಸೀಳಿತ್ತು. ಪ್ರೊಸ್ಟಾಗ್ಲಾಂಡಿನ್, ಅಂದರೆ ಈ ಜೆಲ್, ಮಾತ್ರೆಗಳಲ್ಲಿರುವ ಔಷಧಿ, ಬಳಸದೆ ನೋವು ಬರಿಸಿದವರಲ್ಲಿ 7.7. ಪ್ರೊಸ್ಟಾಗ್ಲಾಂಡಿನ್ ಕೊಟ್ಟು ಬರಿಸಿದವರಲ್ಲಿ 24.5. ನೋವೇ ಬರದೆ ಸಿಸೇರಿಯನ್ ಆದವರಲ್ಲೂ ಸೊನ್ನೆ ಇರಲಿಲ್ಲ, 1.6. ಈ ನಾಲ್ಕು ಅಂಕಿಯನ್ನು ಒಂದು ಹಾಳೆಯಲ್ಲಿ ಬರೆದು ಅಂಟಿಸಿಕೊಂಡಿದ್ದೆ. ನನ್ನ ಪ್ರಶ್ನೆ ಅಲ್ಲಿಗೆ ಬದಲಾಯಿತು. ಸಿಸೇರಿಯನ್ನಾ ನಾರ್ಮಲ್ಲಾ ಅನ್ನುವುದಕ್ಕಿಂತ ನೋವು ತಾನಾಗೇ ಬರುತ್ತದಾ ಇಲ್ಲವಾ ಅನ್ನುವುದು ದೊಡ್ಡದಾಗಿ ಕಂಡಿತು. ಅದು ನನ್ನ ಕೈಯಲ್ಲಿಲ್ಲ.

ಮುಂದಿನ ಸಲ ಹೋದಾಗ ಡಾಕ್ಟರ್ ಕಂಪ್ಯೂಟರಿನಲ್ಲಿ ಒಂದು ಕ್ಯಾಲ್ಕುಲೇಟರ್ ತೆರೆದರು. ವಯಸ್ಸು, ಎತ್ತರ, ತೂಕ, ಬಿಪಿ, ಹಿಂದಿನ ಹೆರಿಗೆ ಎಲ್ಲ ಹಾಕಿದರೆ ನಾರ್ಮಲ್ ಆಗುವ ಸಾಧ್ಯತೆ ಶೇಕಡಾ ಎಷ್ಟು ಅಂತ ಹೇಳುತ್ತದೆ. 2007ರಲ್ಲಿ ಬಂದ ಮೊದಲಿನದ್ದರಲ್ಲಿ ಜನಾಂಗ ಯಾವುದು ಅಂತಲೂ ಕೇಳುತ್ತಿತ್ತಂತೆ. ಕಪ್ಪು ಜನಾಂಗದವರು ಅಂತ ಗುರುತು ಹಾಕಿದರೆ ಸಾಕು, ಬೇರೆಲ್ಲ ಒಂದೇ ಇದ್ದರೂ ಅಂಕಿ ಇಳಿಯುತ್ತಿತ್ತು. 2021ರಲ್ಲಿ ಅದನ್ನು ತೆಗೆದರು. ನನಗೆ ಬಂದದ್ದು 58. ಮನೆಗೆ ಬಂದು ನಾನೇ ಅದನ್ನು ತೆರೆದೆ. ‘ಹಿಂದಿನ ಸಲ ಹೆರಿಗೆ ಮಧ್ಯದಲ್ಲಿ ನಿಂತಿತ್ತಾ’ ಅನ್ನುವ ಪ್ರಶ್ನೆಗೆ ಹೌದು ಅನ್ನುವ ಬದಲು ಇಲ್ಲ ಅಂತ ಒತ್ತಿದೆ. ಅಂಕಿ ಜಿಗಿಯಿತು. ಖುಷಿಯಾಯಿತು! ಆಮೇಲೆ ನಾಚಿಕೆಯಾಗಿ ಮುಚ್ಚಿಟ್ಟೆ. ನನ್ನ ಪರೀಕ್ಷೆಗೆ ನಾನೇ ಕಾಪಿ ಹೊಡೆದ ಹಾಗಾಗಿತ್ತು.

58 ಅನ್ನುವುದು ಕಿರಿಕಿರಿಯ ಅಂಕಿ. ಯಾಕೆ ಅಂದರೆ ತಾಯಿಗೆ ಅತಿ ಕಷ್ಟದ್ದು ಈ ಎರಡು ದಾರಿಯೂ ಅಲ್ಲ, ಮೂರನೆಯದು. ಗಂಟೆಗಟ್ಟಲೆ ನೋವು ತಿಂದು ಕೊನೆಗೆ ತುರ್ತು ಸಿಸೇರಿಯನ್ ಆಗುವುದು. ಸೋಂಕು, ರಕ್ತಸ್ರಾವ ಎಲ್ಲ ಅದರಲ್ಲೇ ಜಾಸ್ತಿ. ನಾರ್ಮಲ್ ಆಗುವ ಸಾಧ್ಯತೆ 60–70ರ ಮೇಲಿದ್ದರೆ ಪ್ರಯತ್ನಿಸುವುದರಿಂದ ತಾಯಿಗೆ ಲಾಭ, ಅದಕ್ಕಿಂತ ಕೆಳಗೆ ಹೋದ ಹಾಗೆ ಲಾಭ ಕರಗುತ್ತದೆ. ನಾನು ಸರಿಯಾಗಿ ಹೊಸ್ತಿಲ ಮೇಲೆ ನಿಂತಿದ್ದೆ. “ಇದು ತೀರ್ಪಲ್ಲ. ಏಳು ಸೆಂಟಿಮೀಟರ್ ತನಕ ಹೋಗಿದ್ರಲ್ಲ, ಅದನ್ನ ಈ ಕ್ಯಾಲ್ಕುಲೇಟರ್ ಕೇಳೋದೇ ಇಲ್ಲ. ಈ ಮಗುನೂ ಮುಖ ಮೇಲೆ ಮಾಡ್ಕೊಂಡೇ ಬರುತ್ತೆ ಅಂತ ಏನಿದೆ?” ಅಂದರು ಡಾಕ್ಟರ್. ಹಾಗಂತ ಮಾಡಿ ಅಂತಲೂ ಹೇಳಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುತ್ತಿದ್ದಾರೆ ಅನ್ನಿಸಿತು ಆಗ. ಈಗ ಹಾಗನ್ನಿಸುವುದಿಲ್ಲ. ಇರುವುದನ್ನು ಇದ್ದ ಹಾಗೆ ಹೇಳಿದರೆ ಹಾಗೇ ಕೇಳಿಸುತ್ತದೆ.

ಅವರು ಕೇಳಿದ ಇನ್ನೊಂದು ಪ್ರಶ್ನೆ ನನಗೆ ಸಂಬಂಧವೇ ಇಲ್ಲದ್ದು ಅನ್ನಿಸಿತ್ತು. “ಮೂರನೇ ಮಗು ಬೇಕು ಅಂತ ಇದೆಯಾ?” ನಾನೂ ಇವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎರಡನೆಯದೇ ಇನ್ನೂ ಹೊಟ್ಟೆಯಲ್ಲಿದೆ! ಆದರೆ ಸಿಸೇರಿಯನ್ನಿನ ನಿಜವಾದ ಬೆಲೆ ಅನೇಕ ಸಲ ಮುಂದಿನ ಬಸುರಿನಲ್ಲಿ ಗೊತ್ತಾಗುತ್ತದಂತೆ. ಪ್ರತಿ ಸಲ ಕೊಯ್ದಾಗಲೂ ಒಳಗೆ ಅಂಟುಗಳು ಹೆಚ್ಚುತ್ತವೆ. ಮಾಸು ಕೆಳಗೆ, ಹಳೆಯ ಗಾಯದ ಮೇಲೆ ಬಂದು ಕೂತರೆ ಬೇರು ಬಿಟ್ಟ ಹಾಗೆ ಒಳಕ್ಕೆ ಇಳಿದುಬಿಡಬಹುದು. ಹೆರಿಗೆಯಾದ ಮೇಲೆ ಬಿಟ್ಟುಬರುವುದಿಲ್ಲ, ರಕ್ತ ಹರಿಯುತ್ತದೆ. ಮಾಸು ಹಾಗೆ ಕೆಳಗೆ ಕೂತವರನ್ನೇ ನೋಡಿದರೆ, ಮೊದಲನೇ ಸಿಸೇರಿಯನ್ನಿನಲ್ಲಿ 100ಕ್ಕೆ 3 ಮಂದಿಗೆ ಹೀಗಾಗುತ್ತದೆ. ಎರಡನೆಯದರಲ್ಲಿ 11, ಮೂರನೆಯದರಲ್ಲಿ 40. ಹನ್ನೊಂದರಿಂದ ನಲವತ್ತಕ್ಕೆ ಹಾರುವುದನ್ನು ನೋಡಿ ಇವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಎರಡೇ ಮಕ್ಕಳು ಸಾಕು ಅನ್ನುವವರಿಗೆ ಇದರ ತೂಕ ಕಮ್ಮಿ. ಇನ್ನೂ ಬೇಕು ಅನ್ನುವವರಿಗೆ ತಕ್ಕಡಿಯೇ ಬೇರೆ. ನಮಗೆ ಮೂರನೆಯದು ಬೇಡ ಅನ್ನಿಸುತ್ತದೆ. ‘ಅನ್ನಿಸುತ್ತದೆ’ ಅಷ್ಟೇ, ಬರೆದುಕೊಡಲು ನಾನು ತಯಾರಿಲ್ಲ.

ನಾರ್ಮಲ್ ಹೆರಿಗೆಯೂ ಪುಕ್ಕಟೆ ಅಲ್ಲ. ಕೆಳಗೆ ಹರಿಯುತ್ತದೆ. 100ಕ್ಕೆ 5 ಮಂದಿಗೆ ಮಲದ್ವಾರದ ಸ್ನಾಯುವಿನ ತನಕ ಹರಿಯಬಹುದು. ಇದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಅತ್ತ ದಿನ ಗೊತ್ತು ಮಾಡಿದ ಸಿಸೇರಿಯನ್ನಿನಲ್ಲಿ ಮಗುವಿಗೆ ಶುರುವಿನಲ್ಲಿ ಉಸಿರಾಟದ ತೊಂದರೆ ಆಗುವುದು 100ಕ್ಕೆ 4–5, ಪ್ರಯತ್ನಿಸಿದವರಲ್ಲಿ 2–3. ಅದಕ್ಕೇ 39 ವಾರ ತುಂಬುವ ತನಕ ಕಾಯುತ್ತಾರೆ.

ಇಷ್ಟೆಲ್ಲ ಆದ ಮೇಲೆ ನನ್ನ ನಿರ್ಧಾರಕ್ಕೆ ಒಂದು ಆಕಾರ ಬಂದದ್ದು ಅಂಕಿಯಿಂದ ಅಲ್ಲ, ಒಂದು ಪ್ರಶ್ನೆಯಿಂದ. ಮೊದಲು ತೋರಿಸುತ್ತಿದ್ದ ಆಸ್ಪತ್ರೆಯಲ್ಲಿ ಇವರು ಕೇಳಿದರು, “ರಾತ್ರಿ ಎರಡು ಗಂಟೆಗೆ ಅನಸ್ತೇಷಿಯಾ ಡಾಕ್ಟ್ರು ಎಲ್ಲಿರ್ತಾರೆ?” ಕೌಂಟರಿನಲ್ಲಿದ್ದವರು ನಗುತ್ತಾ “ಫೋನ್ ಮಾಡಿದ್ರೆ ಬಂದ್ಬಿಡ್ತಾರೆ ಸಾರ್” ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ನಿಮಿಷಗಳ ಲೆಕ್ಕ ಇರುವ ಕೆಲಸದಲ್ಲಿ ‘ಬಂದ್ಬಿಡ್ತಾರೆ’ ಸಾಲುವುದಿಲ್ಲ. ಬೇರೆ ಕಡೆ ಹೋದೆವು. ಅಲ್ಲಿ “ಇದೇ ಮಹಡಿಯಲ್ಲಿ ಮಲಗಿರ್ತಾರೆ, ಥಿಯೇಟರ್ ಆ ಬಾಗಿಲು” ಅಂತ ಕೈ ತೋರಿಸಿದರು. ರಕ್ತ ಎಲ್ಲಿಂದ ಬರುತ್ತದೆ ಅಂತಲೂ ಹೇಳಿದರು. ಮನೆಯಲ್ಲೇ ಹೆರುವ ಆಸೆ ಇಟ್ಟುಕೊಂಡವರು ನನಗೂ ಒಬ್ಬರು ಪರಿಚಯ. ಸಿಸೇರಿಯನ್ ಆದ ಮೇಲೆ ಅದು ನನ್ನ ಪ್ರಕಾರ ಬೇಡವೇ ಬೇಡ. 199 ಸಲ ಚೆನ್ನಾಗಿಯೇ ಆಗಬಹುದು. ಆ ಇನ್ನೊಂದು ಸಲಕ್ಕೆ ಮನೆಯಲ್ಲಿ ಬಾಗಿಲಾಚೆ ಥಿಯೇಟರ್ ಇರುವುದಿಲ್ಲ.

ಹೊಸ ಡಾಕ್ಟರ್ ಜೊತೆ ಕೂತು ಒಂದು ಪುಟದಲ್ಲಿ ಬರೆದೆವು. ನೋವು ತಾನಾಗೇ ಬಂದರೆ ಪ್ರಯತ್ನ. ಜೆಲ್, ಮಾತ್ರೆ ಬೇಡ. 40 ವಾರ 5 ದಿನಕ್ಕೂ ಬರದಿದ್ದರೆ ಸಿಸೇರಿಯನ್, ತಾರೀಕು ಈಗಲೇ ಬರೆದಾಗಿದೆ. ನೋವು ಶುರುವಾದ ಕೂಡಲೇ ಆಸ್ಪತ್ರೆಗೆ ಬರಬೇಕು. ಕೈಗೆ ಸೂಜಿ ಹಾಕಿಡುತ್ತಾರೆ. ಹೊಟ್ಟೆಗೆ ಪಟ್ಟಿ ಕಟ್ಟಿ ಮಗುವಿನ ಎದೆಬಡಿತವನ್ನು ಬಿಡದೆ ನೋಡುತ್ತಾರೆ, ಯಾಕೆಂದರೆ ಗಾಯ ಸೀಳಿದರೆ ಹೆಚ್ಚಿನ ಸಲ ಮೊದಲು ಏರುಪೇರಾಗುವುದು ಆ ಬಡಿತವೇ. ಪಟ್ಟಿ ಕಟ್ಟಿಕೊಂಡು ಓಡಾಡಲು ಆಗುತ್ತದಾ ಅಂತ ಕೇಳಿದೆ. ಹಾಸಿಗೆ ಪಕ್ಕ ನಿಂತುಕೊಳ್ಳಬಹುದು, ದೂರ ಹೋಗುವ ಹಾಗಿಲ್ಲ ಅಂದರು. ನೋವು ತಗ್ಗಿಸಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ತೆಗೆದುಕೊಂಡರೆ ಸೀಳುವ ನೋವು ಗೊತ್ತಾಗದೆ ಹೋಗುತ್ತದೆ ಅನ್ನುವ ಭಯ ಇತ್ತು. ಅದು ಅಡ್ಡಿ ಅಲ್ಲವಂತೆ.

“ಮಧ್ಯದಲ್ಲಿ ಇವಳ ಮನಸ್ಸು ಬದಲಾದ್ರೆ?” ಅಂತ ಇವರು ಕೇಳಿದರು.

“ಬದಲಾಗಲಿ. ಒಂದು ಮಾತು ಹೇಳಿದ್ರೆ ಸಾಕು. ನನ್ನ ಮನಸ್ಸೂ ಬದಲಾಗಬಹುದು. ಆಗ ನಾನು ಇವರ ಮುಖ ನೋಡಿ ಹೇಳ್ತೀನಿ, ಯಾಕೆ ಅಂತಾನೂ ಹೇಳ್ತೀನಿ” ಅಂದರು ಡಾಕ್ಟರ್. ಮೂರು ವರ್ಷದ ಹಿಂದಿನ ಕಥೆಯನ್ನು ನಾನು ಅವರಿಗೆ ಹೇಳಿರಲಿಲ್ಲ. ಆದರೂ ಹಾಗಂದರು. ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತೆ. ಇವರು ‘ನೋವಾ?’ ಅಂತ ಗಾಬರಿಯಾದರು. ಅಲ್ಲ ಅಂತ ತಲೆ ಅಲ್ಲಾಡಿಸಿದೆ.

ಮೊನ್ನೆ ಬ್ಯಾಗ್ ಕಟ್ಟಿದೆ. ಮೇಲ್ಗಡೆ ಫೈಲ್, ಅದರಲ್ಲಿ ಹಳೆಯ ಡಿಸ್ಚಾರ್ಜ್ ಸಮ್ಮರಿಯ ಎರಡು ಜೆರಾಕ್ಸ್. ಎಲ್‌ಎಸ್‌ಸಿಎಸ್ ಅನ್ನುವ ಕಡೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದೇನೆ. ಮಗುವಿನ ಬಟ್ಟೆ, ನನ್ನ ಬಟ್ಟೆ, ಚಾರ್ಜರ್. ಎಲ್ಲ ಆದ ಮೇಲೂ ಒಂದು ಪಕ್ಕದಲ್ಲಿ ಸ್ವಲ್ಪ ಜಾಗ ಉಳಿದಿತ್ತು. ಬೀರುವಿನ ಮೇಲಿಂದ ಆ ಚಿಕ್ಕ ದಿಂಬನ್ನು ಇಳಿಸಿ, ಧೂಳು ಕೊಡವಿ, ಅಲ್ಲಿಗೆ ತುರುಕಿ ಜಿಪ್ ಎಳೆದೆ.